ಗ್ರೀಕ್-ಲ್ಯಾಟಿನ್ ಅಧ್ಯಯನ ಮತ್ತು ಎಡೆದೊರೆ ನಾಡಿನ ಪ್ರಾಚೀನ ಇತಿಹಾಸ

ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನ ಪ್ರಾಚೀನ ಇತಿಹಾಸವನ್ನು ಶಾಸನ, ನಾಣ್ಯ ಹಾಗೂ ಉತ್ಖನನಗಳ ನೆರವಿನಿಂದ ರೂಪಿಸುವ ಕಾರ್ಯ ಒಂದು ಶತಮಾನದಿಂದ ನಡೆದುಬಂದಿದೆ. ಇದಕ್ಕೆ ಪೂರಕವಾದ ಗ್ರೀಕ್ ಮತ್ತು ಲ್ಯಾಟಿನ್ ಆಕರಗಳನ್ನು ಮಾತ್ರ ನಾವು ಬಹುಮಟ್ಟಿಗೆ ಇಂಗ್ಲಿಷ್ ಅನುವಾದಗಳ ಮೂಲಕವೇ ಬಳಸುತ್ತಿದ್ದೇವೆ. ಈ ಭಾಷೆಗಳಲ್ಲಿ ಡಾಕ್ಟರೇಟ್ ಮಟ್ಟದ ಶಿಕ್ಷಣ ಪಡೆದವರು ಕರ್ನಾಟಕದ ಇತಿಹಾಸ ಸಂಶೋಧನೆಗೆ ಏಕೆ ಅಗತ್ಯ ಎಂಬುದನ್ನು ಎರಡು ನಿದರ್ಶನಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಟಾಲೆಮಿಯ 'ಭೂಗೋಳ'. ಅಲೆಕ್ಸಾಂಡ್ರಿಯಾದಲ್ಲಿ ಕ್ರಿ.ಶ. ಸು. 150ರಲ್ಲಿ ರಚಿತವಾದ ಈ ಗ್ರೀಕ್ ಕೃತಿಯ ಏಳನೆಯ ಭಾಗದಲ್ಲಿ ಭಾರತದ ಊರುಗಳ ಪಟ್ಟಿಯಿದೆ. ಅಲ್ಲಿ ಬನೌವಾಸೈ, ಸಿರಿಮಲಗ, ಮೊದೊಗೌಲ್ಲ ಎಂಬ ಹೆಸರುಗಳು ಬರುತ್ತವೆ. ಇವನ್ನು ಕ್ರಮವಾಗಿ ಬನವಾಸಿ, ಮಳಖೇಡ ಮತ್ತು ಮುದಗಲ್ಲು ಎಂದು ಗುರುತಿಸುವುದು ರೂಢಿ. ಆದರೆ ಈ ಕೃತಿಯ ಇಂದು ಉಳಿದಿರುವ ಹಸ್ತಪ್ರತಿಗಳಲ್ಲಿ ಅತಿ ಹಳೆಯವು ಹದಿಮೂರನೆಯ ಶತಮಾನಕ್ಕೆ ಸೇರಿದವು. ಗ್ರೀಕ್ ಲಿಪಿಯ ದೊಡ್ಡಕ್ಷರಗಳಲ್ಲಿ ಆಲ್ಫಾ, ಡೆಲ್ಟಾ, ಲ್ಯಾಂಬ್ಡಾಗಳು ಒಂದನ್ನೊಂದು ಹೋಲುತ್ತವೆ. ಅಕ್ಷಾಂಶ-ರೇಖಾಂಶಗಳ ಅಂಕಿಗಳನ್ನೂ ಅಕ್ಷರಗಳಿಂದಲೇ ಬರೆಯುತ್ತಿದ್ದರು. ಹೀಗಾಗಿ ಪ್ರತಿಕಾರನೊಬ್ಬನ ಒಂದಕ್ಷರದ ತಪ್ಪಿನಿಂದ ಊರಿನ ಹೆಸರೂ ಸ್ಥಾನವೂ ಪಲ್ಲಟಗೊಳ್ಳಬಹುದು. ಮೆಕ್‌ಕ್ರಿಂಡಲ್ ಅವರ 1885ರ ಇಂಗ್ಲಿಷ್ ಅನುವಾದವನ್ನಷ್ಟೇ ನೋಡಿದರೆ ಈ ಪಾಠಭೇದಗಳು ತಿಳಿಯುವುದಿಲ್ಲ. 1925ರಲ್ಲಿ ಲೂಯಿ ರನೂ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಭಾರತಭಾಗದ ಪರಿಷ್ಕರಣವನ್ನು ಗ್ರೀಕ್‌ನಲ್ಲಿಯೇ ಓದಬೇಕಾಗುತ್ತದೆ. ಮುದಗಲ್ಲಿನ ಪ್ರಾಚೀನತೆಯ ಈ ವಾದವನ್ನು ಒಪ್ಪಲು ಅಥವಾ ಬಿಡಲು ನಿಜವಾದ ಆಧಾರ ಅಲ್ಲಿದೆ.

ಎರಡನೆಯದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ 'ಖಾರಿಟಿಯೋನ್' ಪ್ರಹಸನದ ಪಪೈರಸ್. ಗ್ರೆನ್‌ಫೆಲ್ ಮತ್ತು ಹಂಟ್ ಇದನ್ನು 1903ರಲ್ಲಿ 413ನೆಯ ಸಂಖ್ಯೆಯಾಗಿ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ತರುಣಿಯ ಬಿಡುಗಡೆ ಇದರ ವಸ್ತು. ಇದರಲ್ಲಿಯ ಭಾರತೀಯ ಪಾತ್ರಗಳ ಮಾತು ಕನ್ನಡವೆಂದು 1904ರಲ್ಲಿ ಹುಲ್ಶ್ ಪ್ರತಿಪಾದಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಎಲ್.ಡಿ. ಬಾರ್ನೆಟ್ 1926ರಲ್ಲಿ ಇದನ್ನು ಶಂಕಿಸಿದರು. ತೊಡಕಿನ ಮೂಲ ಬರವಣಿಗೆಯಲ್ಲಿದೆ. ಆ ಕಾಲದ ಪಪೈರಸ್‌ಗಳಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಅರಿಯದ ಮಾತನ್ನು ಎಲ್ಲಿ ಒಡೆಯಬೇಕೆಂಬುದು ಸಂಪಾದಕರ ತೀರ್ಮಾನ. ಒಡೆಯುವ ರೀತಿ ಬದಲಾದರೆ ಕನ್ನಡ ಪದಗಳು ಮೂಡುತ್ತವೆ, ಇಲ್ಲವೇ ಮಾಯವಾಗುತ್ತವೆ. ಪಪೈರಸ್ ಸು. ಎರಡನೆಯ ಶತಮಾನದ್ದು, ಹಲ್ಮಿಡಿ ಶಾಸನ ಸು. 450ರದು. ಆದ್ದರಿಂದ ಇಲ್ಲಿ ಕನ್ನಡವಿದೆಯೆಂದು ಸಿದ್ಧಪಟ್ಟರೆ ನಮ್ಮ ಭಾಷೆಯ ಲಿಖಿತ ಚರಿತ್ರೆಯೇ ಹಿಂದಕ್ಕೆ ಸರಿಯುತ್ತದೆ. ಇಷ್ಟು ಮಹತ್ವದ ಪ್ರಶ್ನೆಯನ್ನು ಅಭಿಮಾನದಿಂದಾಗಲಿ ಉದಾಸೀನದಿಂದಾಗಲಿ ಬಗೆಹರಿಸಲಾಗದು.

ಇಂತಹ ಪರಿಶೀಲನೆಗೆ ಬೇಕಾದ ಸಿದ್ಧತೆಯನ್ನೇ ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಅಭಿಜಾತ ಭಾಷಾ ವಿಭಾಗಗಳ ಡಾಕ್ಟರೇಟ್ ವ್ಯಾಸಂಗ ಒದಗಿಸುತ್ತದೆ. ಎರಡೂ ಭಾಷೆಗಳ ವಿಸ್ತೃತ ಮೂಲ ಓದು, ಹಸ್ತಪ್ರತಿ ಶಾಸ್ತ್ರ, ಪಪೈರಸ್ ವಾಚನ, ಗ್ರಂಥಸಂಪಾದನೆ, ಜರ್ಮನ್ ಹಾಗೂ ಫ್ರೆಂಚ್ ಓದುವ ಸಾಮರ್ಥ್ಯ ಇದರಲ್ಲಿ ಸೇರುತ್ತವೆ. ಹಳಗನ್ನಡ ಬಲ್ಲ ಸಂಶೋಧಕನೇ ಈ ಶಿಕ್ಷಣ ಪಡೆದರೆ, ಎರಡು ಕಡೆಯ ಪರಿಣತರು ಪ್ರತ್ಯೇಕವಾಗಿ ಕಾಣಲಾರದುದು ಅವನಿಗೆ ಕಾಣಬಲ್ಲದು.

ಈ ಸಂಬಂಧ ಕನ್ನಡಕ್ಕೆ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು 1855ರಲ್ಲಿ ಕನ್ನಡ-ಲ್ಯಾಟಿನ್, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟುಗಳನ್ನು ಪ್ರಕಟಿಸಿದರು. ಬಿ.ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' (1929) ಮತ್ತು 'ಪಾರಸಿಕರು' (1935) ಮೂಲಕ ಗ್ರೀಕ್ ದುರಂತ ನಾಟಕವನ್ನು ಕನ್ನಡಕ್ಕೆ ತಂದರು. ಧರ್ಮಪ್ರಸಾರ ಮತ್ತು ಸಾಹಿತ್ಯಗಳಿಗೆ ಒದಗಿದ ಈ ಭಾಷೆಗಳು ಇತಿಹಾಸ ಸಂಶೋಧನೆಗೆ ಅಷ್ಟಾಗಿ ಒದಗಲಿಲ್ಲ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನ ಅಶೋಕನ ಹೆಸರನ್ನು ಪ್ರಾಕೃತದಲ್ಲಿ ಉಳಿಸಿದೆ. 1958ರಲ್ಲಿ ಪ್ರಕಟಗೊಂಡ ಕಂದಹಾರದ ಶಾಸನದಲ್ಲಿ ಅದೇ ಅರಸನ ಧರ್ಮೋಪದೇಶ ಗ್ರೀಕ್ ಹಾಗೂ ಅರಾಮಿಕ್ ಭಾಷೆಗಳಲ್ಲಿದೆ. ಅಲ್ಲಿ 'ಧಮ್ಮ'ಕ್ಕೆ 'ಯೂಸೆಬೇಯಾ' ಎಂಬ ಗ್ರೀಕ್ ಪದ ಬಳಕೆಯಾಗಿದೆ. ಹೀಗೆ ಎಡೆದೊರೆ ನಾಡಿನ ಒಂದು ಬಂಡೆಯನ್ನು ಪೂರ್ಣವಾಗಿ ಅರಿಯಲು ಸಹ ಗ್ರೀಕ್ ನೆರವಿಗೆ ಬರುತ್ತದೆ. ಗಿಲ್ಲೆಸುಗೂರು, ಮಾನ್ವಿ, ದೇವದುರ್ಗಗಳ ವಿದ್ಯಾರ್ಥಿಗಳಿಗೆ ಮಸ್ಕಿ, ಮುದಗಲ್ಲುಗಳು ತಮ್ಮ ಜಿಲ್ಲೆಯ ಊರುಗಳು. ಯರಗೇರಾದಲ್ಲಿ ವಿಶ್ವವಿದ್ಯಾಲಯವೂ ಇದೆ. ಅಲ್ಲಿಯ ಇತಿಹಾಸ ಮತ್ತು ಕನ್ನಡ ಅಧ್ಯಯನಗಳ ಜೊತೆಗೆ ಗ್ರೀಕ್‌ನ ಪ್ರಾಥಮಿಕ ಬೋಧನೆ ಆರಂಭವಾಗಿ, ಅರ್ಹರಿಗೆ ಉನ್ನತ ವ್ಯಾಸಂಗದ ವಿದ್ಯಾರ್ಥಿವೇತನ ದೊರೆತಲ್ಲಿ, ಮೊದೊಗೌಲ್ಲವು ಮುದಗಲ್ಲೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಈ ನೆಲದಲ್ಲಿಯೇ ಸಾಧ್ಯವಾಗುತ್ತದೆ.