ನಿರಂಶರ ಭರಣ: ಮಿತಾಕ್ಷರೆಯಿಂದ ನಿವೃತ್ತಿವೇತನದವರೆಗೆ

ಅಂಗವೈಕಲ್ಯದಿಂದಲೋ ದೀರ್ಘವ್ಯಾಧಿಯಿಂದಲೋ ದುಡಿಮೆಯು ನಡುವೆ ನಿಂತುಹೋದವನಿಗೆ ಜೀವನಾಧಾರವು ಯಾವುದು? ನಿವೃತ್ತಿವೇತನವು ವಂತಿಗೆ ಕಟ್ಟಿದ ವರ್ಷಗಳನ್ನು ಅನುಸರಿಸುವ ಇಂದಿನ ಕಾಲದಲ್ಲಿ ಈ ಪ್ರಶ್ನೆಯು ಮುಖ್ಯವಾಗಿದೆ. ಇದಕ್ಕೆ ಸಮೀಪವಾದ ವಿಷಯವನ್ನು ನಮ್ಮ ಪ್ರಾಚೀನರು ಅಂಶ, ಭರಣ ಎಂಬ ಎರಡು ಪದಗಳನ್ನಿಟ್ಟುಕೊಂಡು ವಿಚಾರಿಸಿರುವರು.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಲೀಯ ಅರ್ಥಶಾಸ್ತ್ರವು ಈ ವಿಚಾರಕ್ಕೆ ಮೊದಲನೆಯ ಆಧಾರವು. ಅದರ ಜನಪದನಿವೇಶ ಪ್ರಕರಣದಲ್ಲಿ ಬಾಲರು, ವೃದ್ಧರು, ಆಪತ್ತಿಗೊಳಗಾದವರು, ಅನಾಥರು ಇವರನ್ನು ರಾಜನು ಪೋಷಿಸಬೇಕೆಂದು ಹೇಳಿದೆ. ಇಲ್ಲಿ ಪೋಷಣೆಗೆ ಕಾರಣವು ಅವರ ಅವಸ್ಥೆಯೇ ಹೊರತು ಅವರು ಹಿಂದೆ ಸಲ್ಲಿಸಿದ ಕಾಣಿಕೆಯಲ್ಲ.

ಎರಡನೆಯದು ಮಿತಾಕ್ಷರೆ. ಆರನೆಯ ವಿಕ್ರಮಾದಿತ್ಯನು ಆಳಿದ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಕಲ್ಯಾಣದಲ್ಲಿ ರಚಿಸಿದ ಈ ವ್ಯಾಖ್ಯಾನವು ಅಂಧ, ಪಂಗು, ಉನ್ಮತ್ತ, ಜಡ, ಅಚಿಕಿತ್ಸ್ಯರೋಗಿ ಮೊದಲಾದವರಿಗೆ ದಾಯಭಾಗವಿಲ್ಲವೆಂಬ ಯಾಜ್ಞವಲ್ಕ್ಯನ ವಿಧಿಯನ್ನು ವಿವರಿಸುತ್ತದೆ. ಆದರೆ ನಿರಂಶರಾದ ಇವರಿಗೆ ಯಾವಜ್ಜೀವವೂ ಅನ್ನವಸ್ತ್ರಗಳು ಸಲ್ಲತಕ್ಕುವು. ಇವರ ಪುತ್ರರು ನಿರ್ದೋಷಿಗಳಾದರೆ ಭಾಗವನ್ನು ಪಡೆಯುವರು. ಪುತ್ರಿಯರು ವಿವಾಹಪರ್ಯಂತ ಪೋಷ್ಯರು. ಕಾಲವಿಷಯದಲ್ಲಿ ವ್ಯಾಖ್ಯಾನಕಾರನ ಸೂಕ್ಷ್ಮದೃಷ್ಟಿಯು ಗಮನಾರ್ಹವಾದುದು. ವಿಭಾಗಕ್ಕೆ ಮೊದಲು ದೋಷವುಂಟಾದರೆ ಮಾತ್ರ ಅಂಶವು ತಪ್ಪುವುದು. ವಿಭಾಗವಾದ ಮೇಲೆ ಉಂಟಾದರೆ ಪಡೆದ ಅಂಶವು ಹೋಗದು. ವಿಭಾಗಾನಂತರ ಔಷಧಾದಿಗಳಿಂದ ದೋಷವು ಪರಿಹಾರವಾದರೆ ತಪ್ಪಿದ ಅಂಶವೂ ದೊರೆಯುವುದು. ಇದರಿಂದ ಸಿದ್ಧವಾಗುವುದೇನೆಂದರೆ, ಅಂಶವು ಬರಬಹುದು, ಹೋಗಬಹುದು. ಭರಣವು ಮಾತ್ರ ಅವಿಚ್ಛಿನ್ನವಾದುದು.

ಶಾಸ್ತ್ರವಿಧಿಯು ಗ್ರಂಥದಲ್ಲಿಯೇ ಉಳಿಯಿತೇ ಎಂದು ಶಂಕಿಸುವವರಿಗೆ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಸಮಾಧಾನವನ್ನು ಹೇಳುವುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅಲ್ಲಿ ಅನ್ನದಾನವು ನಡೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧವು ದೊರೆಯುತ್ತಿತ್ತೆಂದೂ ಅದರಿಂದ ತಿಳಿದುಬರುತ್ತದೆ.

ಆದರೂ ಹಿಂದಿನ ವ್ಯವಸ್ಥೆಯನ್ನು ನಿರ್ದೋಷವೆನ್ನಲಾಗದು. ಭರಣವು ದಾಯಾದರ ಕೈಯಲ್ಲಿತ್ತು. ದೇಹದೋಷಕ್ಕಾಗಿ ಸ್ವತ್ತನ್ನು ತಪ್ಪಿಸಿದುದು ಅನ್ಯಾಯವೇ ಸರಿ. ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾನೂನು, ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಬಿಟ್ಟು ಉಳಿದವರ ನಿರಂಶತ್ವವನ್ನು ತೊಡೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಆ ಭೇದವನ್ನೂ ಉಳಿಸಲಿಲ್ಲ. ಹೀಗೆ ಪಿತ್ರಾರ್ಜಿತದಲ್ಲಿ ಅಂಶವು ಮರಳಿ ಬಂದಿತು.

ಆದರೆ ಪಿತ್ರಾರ್ಜಿತವಿಲ್ಲದೆ ಕೂಲಿಯಿಂದಲೇ ಬದುಕುವವನಿಗೆ ಮುಪ್ಪಿನಲ್ಲಿ ನಿವೃತ್ತಿವೇತನವೇ ದಾಯವು. 1995ರ ನೌಕರರ ಪಿಂಚಣಿ ಯೋಜನೆಯು ಮಾಲೀಕನ ವಂತಿಗೆಯಲ್ಲಿ ಕೂಲಿಯ ಶೇಕಡಾ 8.33ರಷ್ಟನ್ನು ಇದಕ್ಕೆಂದು ತೆಗೆದಿರಿಸಿತು. ತಿಂಗಳ ವೇತನಕ್ಕೆ ಹತ್ತು ವರ್ಷಗಳ ಸೇವೆಯು ಬೇಕು. ಕೂಲಿಯನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಅದರ ಮೊತ್ತ. 15,000 ರೂಪಾಯಿ ಕೂಲಿಯವನಿಗೆ 14 ವರ್ಷಗಳ ಸೇವೆಯಿಂದ 3,000 ರೂಪಾಯಿ ಬರುವುದು. ಅವನೇ ವ್ಯಾಧಿಯಿಂದ ಐದು ವರ್ಷ ಕೆಲಸವಿಲ್ಲದೆ ಕಳೆದಿದ್ದರೆ ಸೇವೆಯು ಒಂಬತ್ತು ವರ್ಷಕ್ಕಿಳಿದು, ತಿಂಗಳ ವೇತನವೇ ಇಲ್ಲವಾಗಿ, ಒಮ್ಮೆ ಹಿಂದಿರುಗಿಸುವ ಅಲ್ಪಧನ ಮಾತ್ರ ಉಳಿಯುವುದು. ಸೇವೆಯಲ್ಲಿರುವಾಗಲೇ ಶಾಶ್ವತವಾಗಿಯೂ ಸಂಪೂರ್ಣವಾಗಿಯೂ ಅಶಕ್ತನಾದವನಿಗೆ ಒಂದು ತಿಂಗಳ ವಂತಿಗೆಯೇ ಸಾಕೆಂಬ ವಿನಾಯಿತಿಯು ಈ ಯೋಜನೆಯಲ್ಲುಂಟು, ಇದು ಸ್ತುತ್ಯವಾದುದು. ಆದರೆ ಅರೆಶಕ್ತನಾಗಿ ಕೆಲಸವನ್ನು ಬಿಟ್ಟು ಹಿಡಿಯುತ್ತಿದ್ದವನೂ, ಹುಟ್ಟಿನಿಂದ ವಿಕಲನಾಗಿ ಕೆಲಸವೇ ದೊರೆಯದವನೂ ಈ ವಿನಾಯಿತಿಯ ಹೊರಗೆ ನಿಲ್ಲುವರು.

ಅಂಥವರಿಗಾಗಿಯೇ ವಂತಿಗೆಯಿಲ್ಲದ ಸಹಾಯವುಂಟಲ್ಲವೇ ಎಂಬುದು ಪೂರ್ವಪಕ್ಷ. ಸಂವಿಧಾನದ 41ನೆಯ ವಿಧಿಯು ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ಸಹಾಯವನ್ನು ಹೇಳುವುದು ನಿಜ. 2009ರಲ್ಲಿ ಕೇಂದ್ರಸರ್ಕಾರವು ಅಂಗವಿಕಲರಿಗೆ ಮಾಸಾಶನವನ್ನು ಆರಂಭಿಸಿದುದೂ ನಿಜ. ಆದರೆ ಸಂವಿಧಾನದ ವಿಧಿಯು ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗಿನದು. ಮಾಸಾಶನವು ದಾರಿದ್ರ್ಯರೇಖೆಯ ಕೆಳಗಿರುವ ತೀವ್ರ ವಿಕಲರಿಗಾಗಿ ಏರ್ಪಟ್ಟುದು. ಅರೆವೈಕಲ್ಯವೂ ಅರೆದುಡಿಮೆಯೂ ಉಳ್ಳವನು ಅತ್ತ ಪೂರ್ಣ ಬಡವನಲ್ಲ, ಇತ್ತ ಪೂರ್ಣ ಸೇವಕನಲ್ಲ.

ಮೈಸೂರು ನಗರಕ್ಕೆ ಈ ವಿಚಾರವು ದೂರದ್ದಲ್ಲ. ಅಂಧರಿಗೂ ಬಧಿರರಿಗೂ ಇಲ್ಲಿ 1901ರಲ್ಲಿಯೇ ಪಾಠಶಾಲೆಯು ಸ್ಥಾಪಿತವಾಯಿತು. 1965ರಲ್ಲಿ ವಾಕ್ಶ್ರವಣ ಸಂಸ್ಥೆಯು ಬಂದಿತು. ವಿದ್ಯೆಯು ದುಡಿಮೆಗೆ ಬಾಗಿಲನ್ನು ತೆರೆಯಿತು. ದುಡಿಮೆಯು ನಿಂತಾಗ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವ ಕಾರ್ಯವು ಶೇಷವಾಗಿದೆ. ರೋಗದಲ್ಲಿ ಕಳೆದ ವರ್ಷಗಳನ್ನೂ ಸೇವಾವರ್ಷಗಳೊಡನೆ ಎಣಿಸುವುದು ಅದಕ್ಕೊಂದು ಮಾರ್ಗವು. ಮಿತಾಕ್ಷರೆಯು ಅಂಶವನ್ನು ಕೊಡದೆ ಭರಣವನ್ನು ವಿಧಿಸಿತು; ಹೊಸ ಕಾಲವು ಅಂಶವನ್ನು ಕೊಟ್ಟು ಭರಣವನ್ನು ಲೆಕ್ಕಕ್ಕೆ ಒಪ್ಪಿಸಿತು. ಇವೆರಡರ ಸಮನ್ವಯವೇ ನ್ಯಾಯವು.