ಉಂಡೆ ಗುಂಡಿನ ಲೆಕ್ಕ

ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಕೇಪಿನ ಕೋವಿ ಇರ್ತಿತ್ತಲ್ಲ, ಅದಕ್ಕೆ ಸೀಸ ಕರಗಿಸಿ ಅಚ್ಚಿಗೆ ಹೊಯ್ದ ಉಂಡೆ ಗುಂಡು ಹಾಕ್ತಿದ್ರು. ಗಂಡಸರ ಶಿಕಾರಿ ಕತೆಯೆಲ್ಲ "ಈಡು ಬಿತ್ತು, ಹಂದಿ ಉರುಳ್ತು" ಅಂತಲೇ ಮುಗಿಯೋದು. ಈಡು ಬಿದ್ದೂ ಉರುಳದೆ ಕಾಡು ಹೊಕ್ಕ ಹಂದಿ ಕತೆ ಯಾರೂ ಹೇಳಲ್ಲ. ನಂಗೆ ಕುತೂಹಲ ಇರೋದು ಅದರ ಮೇಲೇ.

ಕೋವಿಗೆ ಹನ್ನೆರಡು, ಎಂಟು, ನಾಲ್ಕು ಅಂತ ನಂಬರ್ ಇರತ್ತೆ. ಅದು ನಮ್ಮ ಅಡಿಗೆಮನೆ ಲೆಕ್ಕವೇ ಕಣ್ರೇ. ಒಂದು ಪೌಂಡು ಸೀಸದಲ್ಲಿ ಆ ನಳಿಗೆ ಅಳತೆಯ ಉಂಡೆ ಎಷ್ಟು ಕಟ್ಟಬಹುದು ಅಂತ. 12 ಆದ್ರೆ ಒಂದೊಂದು ಸುಮಾರು 38 ಗ್ರಾಂ, ನಾಲ್ಕೇ ಆದ್ರೆ 113 ಗ್ರಾಂ.

ಗುಂಡಿನ ವೇಗ ಅಳೆಯೋ ದಾರಿಯನ್ನ 1742ರಲ್ಲಿ ಪುಸ್ತಕದಲ್ಲಿ ಬರೆದದ್ದು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಉಯ್ಯಾಲೆ ಥರ ತೂಗುಬಿಟ್ಟ ಭಾರದ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ತೂಗ್ತು ಅಂತ ನೋಡೋದು. ಗಾಳಿ ಗುಂಡನ್ನ ತಡೆಯೋದು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಅಂತ ಆಗ ಗೊತ್ತಾಯ್ತು. ಉಂಡೆಗೆ ಚೂಪು ಮೂತಿ ಇಲ್ಲ, ಗಾಳಿ ಸೀಳಿಕೊಂಡು ಹೋಗಕ್ಕೆ ಆಗಲ್ಲ. ವೇಗ ಅರ್ಧಕ್ಕಿಳಿದರೆ ಹೊಡೆತದ ಶಕ್ತಿ ಕಾಲು ಭಾಗ ಮಾತ್ರ ಉಳಿಯತ್ತೆ. ಸಣ್ಣ ಉಂಡೆ ಬೇಗ ಸೋಲತ್ತೆ. ದೊಡ್ಡದು ತಡೀತದೆ, ಯಾಕಂದ್ರೆ ಅಗಲ ಎರಡರಷ್ಟಾದ್ರೆ ಗಾಳಿಗೊಡ್ಡೋ ಮುಖ ನಾಲ್ಕರಷ್ಟು, ತೂಕ ಎಂಟರಷ್ಟು.

ಅದಕ್ಕೇ 1840ರ ದಶಕದಲ್ಲಿ ಸಿಲೋನಿನಲ್ಲಿ ಆನೆ ಬೇಟೆಯಾಡ್ತಿದ್ದ ಸ್ಯಾಮ್ಯುಯೆಲ್ ಬೇಕರ್ ಹತ್ರ 21 ಪೌಂಡಿನ ರೈಫಲ್ಲಿತ್ತು. ಒಂಬತ್ತೂವರೆ ಕಿಲೋ, ಒಂದು ಹಲಸಿನಹಣ್ಣಿನ ಭಾರ! ಉಂಡೆ 3 ಔನ್ಸು, ಅದಕ್ಕೆ 28 ಗ್ರಾಂ ಮದ್ದು. ಅವನ ಭುಜದ ಗತಿ ನೀವೇ ಊಹಿಸಿ. ಮಧ್ಯ ಭಾರತದ ಕಾಡು ಸುತ್ತಿದ ಜೇಮ್ಸ್ ಫೋರ್ಸಿತ್ 1863ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದ. ಉಂಡೆ ದೊಡ್ಡದಿರಲಿ, ಮದ್ದು ಜಾಸ್ತಿ ಇರಲಿ, ನಳಿಗೆಯೊಳಗಿನ ಗೀರುಗಳ ಸುತ್ತು ಮಾತ್ರ ನಿಧಾನ ಇರಲಿ ಅಂದ. ಸುತ್ತು ಬಿರುಸಾದ್ರೆ ಅಷ್ಟು ಮದ್ದಿನ ರಭಸಕ್ಕೆ ಉಂಡೆ ಗೀರು ಹಿಡಿಯದೆ ಜಾರಿಬಿಡತ್ತೆ.

ನಮ್ಮೋರ ಕೇಪಿನ ಕೋವಿಗೆ ಅಷ್ಟು ಮದ್ದು ತುಂಬಿದ್ರೆ ನಳಿಗೆಯೇ ಒಡೀತಿತ್ತೇನೋ. ಅವರಿಗಿದ್ದ ಉಪಾಯ ಒಂದೇ, ಹತ್ರ ಹೋಗೋದು. ಹಂದಿ ಬರೋ ದಾರೀಲಿ ಮರೆಗೆ ನಿಂತು, ಕಣ್ಣೆದುರಿಗೆ ಬಂದ ಮೇಲೆ ಹೊಡೆಯೋದು. ದೂರದಿಂದ ಆಸೆಬಿದ್ದು ಹೊಡೆದ್ರೆ ಗುಂಡು ಎಲುಬು ಮುಟ್ಟದೆ ಮಾಂಸದಲ್ಲೇ ನಿಲ್ಲೋದು. ಗಾಯದ ಹಂದಿ ನರಳ್ತಾ ಪೊದೆ ಸೇರೋದು, ಹುಡುಕಿ ಹೋದವರ ಮೇಲೇ ಬೀಳೋದು. ನಮ್ಮ ಅಜ್ಜಯ್ಯನ ತೊಡೆಯಲ್ಲಿ ಗೇಣುದ್ದದ ಕೋರೆ ಗುರುತಿತ್ತು. ಶಿಕಾರಿಯಿಂದ ಯಾರೇ ಬರಲಿ, ಅಜ್ಜಿ ಮಾಂಸ ಎಷ್ಟು ಅಂತ ಕೇಳ್ತಿರಲಿಲ್ಲವಂತೆ. "ಎಷ್ಟು ದೂರದಿಂದ ಹೊಡೆದ್ರಿ?" ಅಂತ ಕೇಳೋಳಂತೆ.