ನಿರುದ್ಯೋಗ ದರ ಇಳಿದರೆ ಮಹಿಳೆಯರಿಗೆ ಕೆಲಸ ಸಿಕ್ಕಿದೆ ಎಂದರ್ಥವೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಕೆಲಸ ಕಳೆದುಕೊಂಡ ಮಹಿಳೆಯರಲ್ಲಿ ಹಲವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ. ಏಕೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಉದಾಹರಣೆಯಿಂದ ನೋಡೋಣ.

ಏನು ಬದಲಾಗುತ್ತಿದೆ?

ಜನರ ದುಡಿಮೆ ಕೃಷಿಯಿಂದ ಕೈಗಾರಿಕೆ ಮತ್ತು ಸೇವೆಗಳತ್ತ ಸರಿಯುವುದನ್ನು ಆರ್ಥಿಕತೆಯ ರಚನಾತ್ಮಕ ಬದಲಾವಣೆ ಎನ್ನುತ್ತೇವೆ. ಕೃಷಿಯೊಳಗೇ ಬೆಳೆ ಮತ್ತು ಯಂತ್ರ ಬದಲಾದರೂ ಕೆಲಸ ಯಾರಿಗೆ ಸಿಗುತ್ತದೆ ಎಂಬುದು ಬದಲಾಗುತ್ತದೆ.

ಈ ಎರಡೂ ತಾಲ್ಲೂಕುಗಳಲ್ಲಿ ಭತ್ತ ಹಳೆಯ ಬೆಳೆ. ನೆಟ್ಟಿ, ಕಳೆ ಕೀಳುವುದು ಹೆಚ್ಚಾಗಿ ಹೆಂಗಸರ ಕೆಲಸ. ಈಗ ಹಲವು ಗದ್ದೆಗಳು ಅಡಿಕೆ ತೋಟಗಳಾಗಿವೆ. ತೋಟದಲ್ಲಿ ವರ್ಷವರ್ಷ ನೆಟ್ಟಿ ಇಲ್ಲ. ಹೆಚ್ಚು ಕೂಲಿ ಸಿಗುವ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೆಲಸ ಗಂಡಸರದು. ಹೆಂಗಸರು ಕೂತು ಅಡಿಕೆ ಸುಲಿಯುತ್ತಿದ್ದಲ್ಲಿಗೆ ಸುಲಿಯುವ ಯಂತ್ರ ಬಂದಿದೆ. ಕಳೆ ಕೀಳುವ ಕೆಲಸವನ್ನು ಕಳೆನಾಶಕ ಕಡಿಮೆ ಮಾಡಿದೆ.

ಗಂಡಸರೂ ಕೆಲಸ ಕಳೆದುಕೊಂಡಿಲ್ಲವೇ?

ಕಳೆದುಕೊಂಡಿದ್ದಾರೆ. ಎತ್ತಿನ ಉಳುಮೆಯನ್ನು ಟ್ರ್ಯಾಕ್ಟರ್ ನುಂಗಿತು. ಆದರೆ ಟ್ರ್ಯಾಕ್ಟರ್ ಓಡಿಸುವವರೂ ಗಂಡಸರೇ. ಊರಲ್ಲಿ ಕೆಲಸವಿಲ್ಲದಿದ್ದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಅಡುಗೆ, ಮಕ್ಕಳು, ದನಕರು ನೋಡಿಕೊಳ್ಳುವ ಹೆಂಗಸರಿಗೆ ಅದು ಅಷ್ಟು ಸುಲಭವಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಬಸ್ ಖರ್ಚು ಉಳಿಸಿದೆ, ಮನೆಗೆಲಸದ ಹೊತ್ತನ್ನಲ್ಲ.

ಲೆಕ್ಕ ಎಲ್ಲಿ ತಪ್ಪಿಸುತ್ತದೆ?

ಕೆಲಸವಿಲ್ಲದೆ, ಕೆಲಸಕ್ಕೆ ಸಿದ್ಧರಿದ್ದು ಅದನ್ನು ಹುಡುಕುತ್ತಿರುವವರು ಮಾತ್ರ ನಿರುದ್ಯೋಗಿಗಳು. ಒಂದು ಊರಲ್ಲಿ 100 ಮಹಿಳೆಯರಿದ್ದಾರೆ ಎಂದುಕೊಳ್ಳಿ. 38 ಮಂದಿ ದುಡಿಯುತ್ತಾರೆ, ಇಬ್ಬರು ಕೆಲಸ ಹುಡುಕುತ್ತಿದ್ದಾರೆ. ನಿರುದ್ಯೋಗ ದರ 40ಕ್ಕೆ 2, ಅಂದರೆ ಶೇ 5. ಮುಂದೆ 9 ಮಂದಿ ಕೆಲಸ ಕಳೆದುಕೊಂಡು ಮನೆಯಲ್ಲೇ ಉಳಿದರು, ಹುಡುಕುತ್ತಿದ್ದವರಲ್ಲಿ ಒಬ್ಬರು ಆಸೆ ಬಿಟ್ಟರು. ಈಗ ದರ 30ಕ್ಕೆ 1, ಅಂದರೆ ಶೇ 3.3. ಕೆಲಸ ಕಡಿಮೆಯಾಯಿತು, ನಿರುದ್ಯೋಗ ದರವೂ ಇಳಿಯಿತು!

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, 2023-24ರಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ ದೇಶದಲ್ಲಿ ಗಂಡಸರು, ಹೆಂಗಸರು ಇಬ್ಬರಲ್ಲೂ ಶೇ 3.2. ಸಮಾನ ಎನಿಸುತ್ತದೆ. ಆದರೆ ದುಡಿಯುವ ಅಥವಾ ಕೆಲಸ ಹುಡುಕುವ ಗಂಡಸರು ಶೇ 78.8, ಹೆಂಗಸರು ಶೇ 41.7 ಮಾತ್ರ.

ಇನ್ನೊಂದು ಸೂಕ್ಷ್ಮವಿದೆ. ಈ ಲೆಕ್ಕದಲ್ಲಿ ವರ್ಷಕ್ಕೆ 30 ದಿನ ದುಡಿದವರೂ ಉದ್ಯೋಗಸ್ಥರೆನಿಸಬಹುದು. ಕೂಲಿಯಿಲ್ಲದೆ ಸ್ವಂತ ಜಮೀನಿನಲ್ಲಿ ದುಡಿದರೂ ಅಷ್ಟೇ.

ನಾವು ಗಮನಿಸಬೇಕಾದದ್ದು

ನಿರುದ್ಯೋಗ ದರ ಇಳಿದ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಮಹಿಳೆಯರು ದುಡಿಯುತ್ತಿದ್ದಾರೆ? ವರ್ಷಕ್ಕೆ ಎಷ್ಟು ದಿನ? ಕೂಲಿ ಅವರ ಕೈಗೆ ಬರುತ್ತಿದೆಯೇ?